ಲ್ಯಾಟಿನ್ ಸಂಕೇತಾಕ್ಷರಗಳು: ಒಂದು ಪ್ರಯೋಗವಿಮರ್ಶೆ

ಇಂಗ್ಲಿಷಿನಲ್ಲಿ ಬರೆಯುವವರು ಹೆಜ್ಜೆಹೆಜ್ಜೆಗೂ ಬಳಸುವ ಕೆಲವು ಸಂಕೇತಾಕ್ಷರಗಳುಂಟು. ಐ. ಇ., ಇ. ಜಿ., ವಿಜ್., ಎಟ್‌ಸೆಟೆರಾ, ಎಟ್ ಆಲ್., ಸಿ. ಎಫ್., ಇಬಿಡ್. ಎಂಬಿವು ಅವುಗಳಲ್ಲಿ ಪ್ರಸಿದ್ಧವಾದುವು. ಅಕ್ಷರಗಳನ್ನು ನೋಡಿದರೆ ಇವು ಇಂಗ್ಲಿಷೇ. ಆದರೆ ಇವುಗಳ ಹಿಂದೆ ನಿಂತಿರುವ ಮಾತುಗಳೆಲ್ಲವೂ ಲ್ಯಾಟಿನ್ ಭಾಷೆಯವು. ಲ್ಯಾಟಿನ್ನನ್ನು ಕ್ರಮವಾಗಿ ಓದಿದವರು ಇಂಗ್ಲೆಂಡಿನಲ್ಲಿಯೇ ವಿರಳರಾಗಿರುವಾಗ, ನಮ್ಮ ನಾಡಿನಲ್ಲಿ ಇವುಗಳ ಮೂಲಾರ್ಥವನ್ನರಿತು ಬಳಸುವವರು ಎಷ್ಟು ಮಂದಿ ಇದ್ದಾರು? ಆದರೂ ಬಳಸದವರಿಲ್ಲ. ಅರ್ಜಿಯಲ್ಲಿ, ಕರಾರುಪತ್ರದಲ್ಲಿ, ವೈದ್ಯರ ಚೀಟಿಯಲ್ಲಿ, ವಿದ್ಯಾರ್ಥಿಗಳ ಪ್ರಬಂಧದಲ್ಲಿ, ಪಂಡಿತರ ಅಡಿಟಿಪ್ಪಣಿಯಲ್ಲಿ, ಎಲ್ಲೆಲ್ಲಿಯೂ ಇವು ಕಾಣಿಸಿಕೊಳ್ಳುತ್ತವೆ.

ಕನ್ನಡದ ಮಾಸಪತ್ರಿಕೆಯಲ್ಲಿ ಇಂಗ್ಲಿಷಿನ ಇಷ್ಟು ಸಣ್ಣ ವಿಷಯವನ್ನೆತ್ತಿಕೊಳ್ಳುವುದು ಅಪ್ರಸ್ತುತವೆಂದು ಕೆಲವು ವಾಚಕರಿಗೆ ತೋರಬಹುದು. ಅದಕ್ಕೆ ನಮ್ಮ ಸಮಾಧಾನ ಎರಡು. ಮೊದಲನೆಯದು, ನಮ್ಮ ಮನೆಗಳಲ್ಲಿ ವ್ಯವಹಾರದ ಬರವಣಿಗೆಯ ಬಹುಭಾಗ ಇಂದಿಗೂ ಇಂಗ್ಲಿಷಿನಲ್ಲಿಯೇ ನಡೆಯುತ್ತಿದೆ. ಬಳಸುವ ಮಾತನ್ನು ಸರಿಯಾಗಿ ಬಳಸುವುದು ಶಿಷ್ಟರಿಗೆ ಉಚಿತವಾದುದು. ಎರಡನೆಯದು ಇದಕ್ಕಿಂತಲೂ ಮುಖ್ಯ. ಲೇಖಕನು ಕೊಟ್ಟ ಪಟ್ಟಿ ಪೂರ್ಣವೋ ಅಪೂರ್ಣವೋ, ಅವನು ಹೇಳಿದ ಕಾಲ ನಿಶ್ಚಿತವೋ ಊಹಿತವೋ, ಅವನು ಹೆಸರಿಸಿದ ಗ್ರಂಥ ಅವನ ಮಾತನ್ನು ಸಮರ್ಥಿಸುತ್ತದೆಯೋ ಇಲ್ಲವೆ ಬರಿಯ ಹೋಲಿಕೆಗಾಗಿ ಬಂದಿದೆಯೋ ಎಂಬುದನ್ನು ಓದುವವನಿಗೆ ತಿಳಿಸುವುದೇ ಈ ಸಂಕೇತಗಳ ಕೆಲಸ. ಆದುದರಿಂದ ಇಲ್ಲಿ ತಪ್ಪಿದರೆ ಕೆಡುವುದು ಅಂದವೊಂದೇ ಅಲ್ಲ, ಸತ್ಯವೂ ಕೆಡುತ್ತದೆ.

ಸಂಕ್ಷೇಪವು ಸ್ವತಃ ನಿಂದ್ಯವಾದುದಲ್ಲ. ಅರ್ಧಮಾತ್ರೆ ಉಳಿದರೆ ಮಗ ಹುಟ್ಟಿದಷ್ಟು ಹಿಗ್ಗುವವರೆಂದು ವೈಯಾಕರಣರನ್ನು ಕುರಿತು ನಮ್ಮಲ್ಲಿ ಹೇಳುವುದುಂಟಷ್ಟೆ. ಪಾಣಿನಿಯು ‘ಅಚ್’ ಎಂದೊಡನೆ ಸ್ವರಗಳೆಲ್ಲವೂ ಬಂದುವು, ‘ಹಲ್’ ಎಂದೊಡನೆ ವ್ಯಂಜನಗಳೆಲ್ಲವೂ ಬಂದುವು. ರೋಮಿನಲ್ಲಿಯೂ ಸಿಸೆರೋವಿನ ಲಿಪಿಕಾರನಾಗಿದ್ದ ಟೈರೋ ಎಂಬವನ ಹೆಸರಿನಲ್ಲಿ ಒಂದು ಸಂಕ್ಷೇಪಲಿಪಿಯೇ ಪ್ರಸಿದ್ಧವಾಯಿತು. ಮಧ್ಯಯುಗದ ಯೂರೋಪಿನಲ್ಲಿ ಚರ್ಮಪತ್ರವು ದುಬಾರಿಯಾಗಿದ್ದುದರಿಂದ ಮಠಗಳ ಲಿಪಿಕಾರರು ಮಾತುಗಳನ್ನು ಮೊಟಕುಮಾಡಿ ಬರೆಯುವುದನ್ನು ಇನ್ನೂ ಬೆಳಸಿದರು. ಆದರೆ ಇಂಥ ಲಾಘವವೆಲ್ಲವೂ ಒಂದು ಕರಾರಿನ ಮೇಲೆ ನಡೆಯತಕ್ಕದ್ದು: ಸಂಕೇತವನ್ನು ಬಿಡಿಸುವ ಕ್ರಮ ಬರೆಯುವವನಿಗೂ ಓದುವವನಿಗೂ ಒಂದೇ ಆಗಿ ಗೊತ್ತಿರಬೇಕು. ಆ ಕರಾರು ಮುರಿದರೆ ಲಾಘವವು ಹೋಗಿ ಒಗಟು ಉಳಿಯುತ್ತದೆ.

ಇನ್ನು ಒಂದೊಂದನ್ನಾಗಿ ವಿಚಾರಿಸೋಣ. ಅತ್ಯಂತ ಹೆಚ್ಚಾಗಿ ಕೆಡುವ ಜೋಡಿಯೆಂದರೆ ಐ. ಇ. ಮತ್ತು ಇ. ಜಿ. ಎಂಬಿವು. ಮೊದಲನೆಯದರ ಪೂರ್ಣರೂಪ ‘ಇಡ್ ಎಸ್ಟ್’. ಅದರ ಅರ್ಥ ‘ಅದು ಎಂದರೆ’. ಇಲ್ಲಿಯ ‘ಎಸ್ಟ್’ ಎಂಬುದೂ ನಮ್ಮ ‘ಅಸ್ತಿ’ ಎಂಬುದೂ ಒಂದೇ ಮೂಲದಿಂದ ಹೊರಟ ಕ್ರಿಯಾಪದಗಳು. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳಿಗೆ ಸೋದರಭಾವವಿದೆಯೆಂದು ಸರ್ ವಿಲಿಯಂ ಜೋನ್ಸರು ೧೭೮೬ರಲ್ಲಿ ಕಲ್ಕತ್ತೆಯಲ್ಲಿ ಹೇಳಿದುದಕ್ಕೆ ಇಂಥ ಮಾತುಗಳೇ ಸಾಕ್ಷಿ. ಎರಡನೆಯದರ ಪೂರ್ಣರೂಪ ‘ಎಗ್ಸೆಂಪ್ಲಿ ಗ್ರೇಷಿಯಾ’. ಎಂದರೆ ‘ಉದಾಹರಣೆಯ ಸಲುವಾಗಿ’. ಮೂಲವನ್ನು ಮರೆತವರು ಇವಕ್ಕೆ ‘ಇನ್ ಎಸೆನ್ಸ್’ ಎಂದೂ ‘ಎಗ್ಸಾಂಪಲ್ ಗಿವನ್’ ಎಂದೂ ಹೊಸ ವ್ಯುತ್ಪತ್ತಿಗಳನ್ನು ಕಲ್ಪಿಸಿಕೊಂಡಿರುವುದುಂಟು. ಎರಡನೆಯ ಕಲ್ಪನೆ ಅರ್ಥವನ್ನು ಹೇಗೋ ಉಳಿಸುತ್ತದೆ. ಮೊದಲನೆಯದು ಅದನ್ನು ಸಡಿಲಿಸುತ್ತದೆ. ಐ. ಇ. ಎಂಬುದು ‘ಸ್ಥೂಲವಾಗಿ ಹೇಳುವುದಾದರೆ’ ಎಂದಾಗಲಾರದು. ‘ನಾನು ಹೇಳಿದುದು ಇದನ್ನೇ, ಇಷ್ಟನ್ನೇ’ ಎಂಬ ನಿರ್ಧಾರ ಅದರಲ್ಲಿದೆ. ಇಂಗ್ಲಿಷ್ ಪ್ರಯೋಗವಿಚಾರದಲ್ಲಿ ಪ್ರಮಾಣಪುರುಷನೆನಿಸಿದ ಫೌಲರನು ೧೯೨೬ರಲ್ಲಿ ಪ್ರಕಟವಾದ ತನ್ನ ಕೋಶದಲ್ಲಿ ಈ ಎರಡರ ಗೊಂದಲವನ್ನು ಎತ್ತಿ ಹೇಳಬೇಕಾಯಿತೆಂದ ಮೇಲೆ, ರೋಗವು ಹೊಸದಲ್ಲವೆಂಬುದು ಸ್ಪಷ್ಟ.

ವ್ಯಾಕರಣವನ್ನು ಓದಿದವರಿಗೆ ಈ ಭೇದವನ್ನು ತಿಳಿಸುವುದು ಸುಲಭ. ಗಣಪಾಠದಲ್ಲಿ ಎರಡು ಬಗೆಯ ಗಣಗಳುಂಟು. ಸರ್ವಾದಿಗಣದಂಥವು ಎಣಿಸಿ ಮುಗಿಸಿದುವು. ಅದರಲ್ಲಿರುವುವು ೩೫ ಶಬ್ದಗಳು, ಮೂವತ್ತಾರನೆಯದಕ್ಕೆ ಅಲ್ಲಿ ಎಡೆಯಿಲ್ಲ. ಪೃಷೋದರಾದಿಯಂಥವು ಆಕೃತಿಗಣಗಳು, ಅಲ್ಲಿ ಕೊಟ್ಟ ಶಬ್ದಗಳು ಮಾದರಿಗಾಗಿ ಮಾತ್ರ, ಅದೇ ಆಕೃತಿಯ ಬೇರೆ ಶಬ್ದಗಳನ್ನೂ ಓದುವವನು ಸೇರಿಸಿಕೊಳ್ಳಬೇಕು. ಐ. ಇ. ಎಂಬುದು ಮುಚ್ಚಿದ ಗಣದ ಚಿಹ್ನೆ, ಇ. ಜಿ. ಎಂಬುದು ಆಕೃತಿಗಣದ ಚಿಹ್ನೆ. ‘ಕನ್ನಡದ ರತ್ನತ್ರಯರು’ ಎಂದು ಬರೆದು ಪಂಪ, ಪೊನ್ನ, ರನ್ನರ ಹೆಸರನ್ನು ಹೇಳುವಾಗ ನಡುವೆ ಐ. ಇ. ಬರಬೇಕು, ಏಕೆಂದರೆ ನಾಲ್ಕನೆಯವನಿಲ್ಲ. ‘ಹತ್ತನೆಯ ಶತಮಾನದ ಜೈನ ಲೇಖಕರು’ ಎಂದು ಬರೆದು ಪಂಪ, ರನ್ನರನ್ನು ಮಾತ್ರ ಹೆಸರಿಸಿದರೆ ಅಲ್ಲಿ ಇ. ಜಿ. ಬರಬೇಕು, ಇಲ್ಲವಾದರೆ ಚಾವುಂಡರಾಯನನ್ನು ಆ ಶತಮಾನದಿಂದಲೇ ಹೊರದೂಡಿದಂತಾಗುತ್ತದೆ.

ಇದು ಪಂಡಿತರ ಚರ್ಚೆಗೆ ಮಾತ್ರ ಸೇರಿದುದೆಂದು ತಿಳಿಯಬಾರದು. ಒಬ್ಬ ಗೃಹಸ್ಥನು ತನ್ನ ಮನೆಯನ್ನು ಬಾಡಿಗೆಗೆ ಕೊಡುವಾಗ ಸಣ್ಣಪುಟ್ಟ ದುರಸ್ತಿಯ ವೆಚ್ಚವನ್ನು ಬಾಡಿಗೆದಾರನೇ ವಹಿಸತಕ್ಕದ್ದೆಂದು ಇಂಗ್ಲಿಷಿನಲ್ಲಿ ಕರಾರು ಬರೆಸಿ, ನಲ್ಲಿ, ದೀಪದ ಗುಂಡಿ, ಬಾಗಿಲ ಚಿಲಕ ಎಂಬ ಮೂರನ್ನು ಹೆಸರಿಸಿದನೆನ್ನೋಣ. ಈ ಮೂರರ ಹಿಂದೆ ಐ. ಇ. ಇದ್ದರೆ ಬಾಡಿಗೆದಾರನ ಹೊಣೆ ಆ ಮೂರಕ್ಕೇ ಮುಗಿಯಿತು. ಇ. ಜಿ. ಇದ್ದರೆ ಒಡೆದ ಕಿಟಕಿಯ ಗಾಜಿನ ವೆಚ್ಚವೂ ಅವನ ತಲೆಯ ಮೇಲೆ ಬೀಳಬಹುದು. ಒಂದಕ್ಷರದ ವ್ಯತ್ಯಾಸದಿಂದ ಎರಡು ಮನೆಯವರು ವಕೀಲರ ಬಾಗಿಲಿಗೆ ಹೋಗುವಂತಾದರೆ ಲಾಭ ಯಾರಿಗೆಂಬುದನ್ನು ಹೇಳಬೇಕಾದುದಿಲ್ಲ.

ಎಟ್‌ಸೆಟೆರಾ ಎಂಬುದು ಎರಡು ಮಾತು: ‘ಎಟ್’ ಎಂದರೆ ‘ಮತ್ತು’, ‘ಸೆಟೆರಾ’ ಎಂದರೆ ‘ಉಳಿದುವು’. ‘ಮತ್ತು’ ಎಂಬುದು ಒಳಗೇ ಇರುವುದರಿಂದ ಅದರ ಹಿಂದೆ ಇಂಗ್ಲಿಷಿನ ‘ಆಂಡ್’ ಸೇರಿಸಿದರೆ ಪುನರುಕ್ತಿ. ನಮ್ಮ ನ್ಯಾಯಾಲಯಗಳ ಕಾಗದಗಳಲ್ಲಿ ಮೆರೆಯುವ ‘ವಗೈರೆ’ಯ ಕಥೆಯೂ ಇದೇ. ಅರಬ್ಬೀ ಭಾಷೆಯಲ್ಲಿ ‘ವ’ ಎಂದರೆ ‘ಮತ್ತು’, ‘ಗೈರ್’ ಎಂದರೆ ‘ಬೇರೆ’. ಆದುದರಿಂದ ‘ಮತ್ತು ವಗೈರೆ’ ಎನ್ನುವುದೂ ಅದೇ ದೋಷ. ಎರಡನೆಯ ದೋಷವೆಂದರೆ ಇ. ಜಿ. ಎಂದು ಆರಂಭಿಸಿ ಎಟ್‌ಸೆಟೆರಾ ಎಂದು ಮುಗಿಸುವುದು. ಉದಾಹರಣೆಗಾಗಿ ಕೆಲವನ್ನು ಹೇಳುತ್ತೇನೆಂದು ಒಪ್ಪಿಕೊಂಡ ಮೇಲೆ ಉಳಿದುವೂ ಇವೆಯೆಂದು ಮತ್ತೆ ಹೇಳುವುದು ವ್ಯರ್ಥ. ಐ. ಇ. ಎಂದು ಆರಂಭಿಸಿ ಎಟ್‌ಸೆಟೆರಾ ಎಂದು ಮುಗಿಸುವುದಾದರೋ ಇನ್ನೂ ಕೆಟ್ಟದು. ಬಾಗಿಲನ್ನು ಮುಚ್ಚಿದೆನೆಂದು ಹೇಳಿ ತೆರೆದಿಟ್ಟಂತೆ. ಮೂರನೆಯದು, ‘ಸೆಟೆರಾ’ ಎಂಬುದು ನಪುಂಸಕಲಿಂಗದ ಬಹುವಚನ. ವಸ್ತುಗಳಿಗೆ ಒಪ್ಪುವ ಆ ಮಾತನ್ನು ಮನುಷ್ಯರ ಹೆಸರುಗಳ ಕೊನೆಗೆ ಅಂಟಿಸಿದರೆ ಅವರನ್ನು ಸಾಮಾನುಗಳ ಸಾಲಿಗೆ ಸೇರಿಸಿದಂತೆ ಕಾಣುತ್ತದೆ. ಮನುಷ್ಯರಿಗಾಗಿ ಎಟ್ ಆಲ್. ಎಂಬುದಿದೆ. ಅದರ ಪೂರ್ಣರೂಪವು ಪುಲ್ಲಿಂಗದಲ್ಲಿ ‘ಎಟ್ ಏಲಿಯೈ’, ಸ್ತ್ರೀಲಿಂಗದಲ್ಲಿ ‘ಎಟ್ ಏಲಿಯೇ’ ಎಂದಾಗುವುದು. ಮೊಟಕು ರೂಪದಲ್ಲಿ ಈ ಲಿಂಗಭೇದವೆಲ್ಲ ಅಡಗುವುದರಿಂದ ಬರೆಯುವವನಿಗೆ ನಿಶ್ಚಿಂತೆ. ಇದರಲ್ಲಿ ‘ಎಟ್’ ಪೂರ್ಣಪದವಾದುದರಿಂದ ಅದರ ಮುಂದೆ ಚುಕ್ಕಿ ಬರಕೂಡದು. ಮೊಟಕಾದ ‘ಆಲ್’ ಎಂಬುದರ ಮುಂದೆ ಮಾತ್ರ ಬರತಕ್ಕದ್ದು. ವಿದ್ವತ್ಪತ್ರಿಕೆಗಳಲ್ಲಿಯೂ ಈ ಚುಕ್ಕಿಯು ಸ್ಥಾನಪಲ್ಲಟವಾಗಿರುವುದನ್ನು ಕಾಣುತ್ತೇವೆ.

ಎಟ್‌ಸೆಟೆರಾ ವಿಷಯದಲ್ಲಿ ಇನ್ನೊಂದು ಮಾತನ್ನು ಹೇಳಬೇಕು. ‘ಉಳಿದುವು’ ಯಾವುವೆಂಬುದು ಹೇಳಿದುವುಗಳಿಂದಲೇ ಹೊಳೆಯಬೇಕು. ಧರ್ಮಶಾಸ್ತ್ರದಲ್ಲಿಯೂ ಇಂಗ್ಲಿಷ್ ನ್ಯಾಯಶಾಸ್ತ್ರದಲ್ಲಿಯೂ ಪಟ್ಟಿಯ ಅರ್ಥವನ್ನು ನಿಶ್ಚಯಿಸುವುದಕ್ಕೆ ನಿಯಮಗಳುಂಟು. ವಿಶೇಷಗಳನ್ನು ಹೆಸರಿಸಿದ ಮೇಲೆ ಬರುವ ಸಾಮಾನ್ಯಪದವು ಆ ವಿಶೇಷಗಳ ಜಾತಿಯವನ್ನೇ ಹೇಳುತ್ತದೆಂಬ ನಿಯಮವನ್ನು ನ್ಯಾಯವಾದಿಗಳು ‘ಎಜುಸ್ಡೆಮ್ ಜೆನೆರಿಸ್’, ಎಂದರೆ ‘ಅದೇ ಜಾತಿಯ’, ಎಂದು ಕರೆಯುತ್ತಾರೆ. ಮೇಲಣ ಬಾಡಿಗೆಯ ಕರಾರಿನಲ್ಲಿ ನಲ್ಲಿ, ಗುಂಡಿ, ಚಿಲಕಗಳ ಮುಂದೆ ಎಟ್‌ಸೆಟೆರಾ ಇದ್ದರೂ ಕುಸಿದ ಮಾಳಿಗೆಯನ್ನು ಅದರೊಳಗೆ ತುಂಬಲಾಗದು. ಎರಡು ಭಿನ್ನಜಾತಿಯ ವಸ್ತುಗಳನ್ನು ಹೇಳಿ ಎಟ್‌ಸೆಟೆರಾ ಎಂದುಬಿಡುವವನು ತಾನು ಯೋಚಿಸಬೇಕಾದುದನ್ನು ಓದುವವನ ಮೇಲೆ ಹೊರಿಸುತ್ತಾನೆ. ಪರೀಕ್ಷೆಯ ಉತ್ತರಗಳಲ್ಲಿ ಈ ಮಾತು ಅಷ್ಟೊಂದು ಜನಪ್ರಿಯವಾಗಿರುವುದಕ್ಕೆ ಕಾರಣವೂ ಇದೇ ಇರಬೇಕು.

ವಿಜ್. ಎಂಬುದರ ಚರಿತ್ರೆ ಸ್ವಾರಸ್ಯವಾದುದು. ಅದರ ಮೂಲ ‘ವಿಡೆಲಿಸೆಟ್’. ‘ನೋಡಬಹುದು’ ಎಂಬ ಅರ್ಥದ ಎರಡು ಮಾತುಗಳು ಕೂಡಿ ಆದುದು. ಹಾಗಾದರೆ ಅದರಲ್ಲಿಲ್ಲದ ಜೆಡ್ ಅಕ್ಷರ ಎಲ್ಲಿಂದ ಬಂದಿತು? ಮಧ್ಯಯುಗದ ಲಿಪಿಕಾರರು ಪದಾಂತ್ಯದ ‘ಎಟ್’ ಎಂಬುದನ್ನು ಮೊಟಕುಮಾಡುವುದಕ್ಕೆ ಇಂಗ್ಲಿಷಿನ ಮೂರರ ಅಂಕಿಯನ್ನು ಹೋಲುವ ಒಂದು ಗುರುತನ್ನು ಹಾಕುತ್ತಿದ್ದರು. ಮುದ್ರಣ ಬಂದಾಗ ಆ ಗುರುತಿನ ಸ್ಥಾನದಲ್ಲಿ ಅದನ್ನು ಹೋಲುವ ಜೆಡ್ ಅಕ್ಷರ ನಿಂತಿತು. ನಮ್ಮ ದೇಶದ ಶಾಸನಗಳಲ್ಲಿಯೂ ಇಂಥದು ನಡೆದಿದೆ. ಶುಕ್ಲಪಕ್ಷದ ದಿನವೆಂಬುದನ್ನು ‘ಶು ದಿ’ ಎಂದೂ, ಬಹುಳಪಕ್ಷದ ದಿನವೆಂಬುದನ್ನು ‘ಬ ದಿ’ ಎಂದೂ ಕೊರೆಯುತ್ತಿದ್ದುದು ಕ್ರಮೇಣ ‘ಶುದಿ’, ‘ವದಿ’ ಎಂಬ ಸ್ವತಂತ್ರ ಶಬ್ದಗಳೇ ಆಗಿಹೋದುವು. ವಿಜ್. ಎಂಬುದನ್ನು ಗಟ್ಟಿಯಾಗಿ ಓದುವಾಗ ‘ನೇಮ್ಲಿ’ ಎಂದು ಓದುವುದು ಇಂಗ್ಲಿಷರ ಸಂಪ್ರದಾಯ. ಹಿಂದೆ ಸಂಖ್ಯೆಯನ್ನೋ ಸಾಮಾನ್ಯಪದವನ್ನೋ ಹೇಳಿ, ಮುಂದೆ ಅದರ ವ್ಯಕ್ತಿಗಳನ್ನು ಒಂದೂ ಬಿಡದೆ ಹೇಳುವಾಗ ಇದು ಉಚಿತ. ರತ್ನತ್ರಯರ ಉದಾಹರಣೆಯಲ್ಲಿ ಐ. ಇ. ಎಂಬುದಕ್ಕಿಂತಲೂ ಇದೇ ಹೆಚ್ಚು ಒಪ್ಪುವುದು.

ಇನ್ನು ವಿದ್ವಾಂಸರ ಅಡಿಟಿಪ್ಪಣಿಗೆ ಬರೋಣ. ಸಿ. ಎಫ್. ಎಂದರೆ ‘ಕನ್‌ಫರ್’, ‘ಹೋಲಿಸಿ ನೋಡು’ ಎಂಬ ಆಜ್ಞಾರ್ಥಕ ಕ್ರಿಯೆ. ಒಬ್ಬ ಲೇಖಕನು ಒಂದು ಮಾತನ್ನು ಹೇಳಿ, ಸಿ. ಎಫ್. ಎಂದು ಬರೆದು ಒಂದು ಗ್ರಂಥವನ್ನು ಹೆಸರಿಸಿದರೆ, ಆ ಗ್ರಂಥದಲ್ಲಿ ಸದೃಶವಾದ ಅಥವಾ ಭಿನ್ನವಾದ ಅಭಿಪ್ರಾಯವಿದೆ, ಎರಡನ್ನೂ ತೂಗಿ ನೋಡು ಎಂದರ್ಥ. ಈಗಿನ ಪ್ರಬಂಧಕಾರರಲ್ಲಿ ಅನೇಕರು ಇದನ್ನು ‘ಇದಕ್ಕೆ ಆಧಾರವನ್ನು ನೋಡು’ ಎಂಬರ್ಥದಲ್ಲಿ ಬಳಸುತ್ತಾರೆ. ಆಧಾರವೆಂದು ನಂಬಿ ಹೋದ ಓದುಗನಿಗೆ ಅಲ್ಲಿ ಎದುರುವಾದ ಸಿಕ್ಕಿದರೆ ಅವನು ಲೇಖಕನನ್ನು ವಂಚಕನೆಂದಾನು. ಎದುರುವಾದವೆಂದು ತಿಳಿದು ಹೋದವನಿಗೆ ಸಮರ್ಥನೆ ಸಿಕ್ಕಿದರೆ ಲೇಖಕನನ್ನು ಅರಿಯದವನೆಂದಾನು. ಎರಡೂ ಕ್ಷೇಮವಲ್ಲ.

ಇಬಿಡ್. ಎಂದರೆ ‘ಇಬಿಡೆಮ್’, ನಮ್ಮ ‘ತತ್ರೈವ’. ಅದು ಅವ್ಯವಹಿತವಾಗಿ ಹಿಂದೆ ಹೇಳಿದ ಆಧಾರವನ್ನು ಮಾತ್ರ ಸೂಚಿಸುತ್ತದೆ. ಲೇಖನವನ್ನು ತಿದ್ದುವಾಗ ನಡುವೆ ಒಂದು ಹೊಸ ಟಿಪ್ಪಣಿ ಸೇರಿತೆಂದರೆ ‘ತತ್ರೈವ’ ಎಂಬುದು ಮೌನವಾಗಿ ಬೇರೆ ಗ್ರಂಥಕ್ಕೆ ಅಂಟಿಕೊಳ್ಳುತ್ತದೆ. ಒಬ್ಬನ ಮಾತು ಇನ್ನೊಬ್ಬನ ಬಾಯಿಗೆ ಬೀಳುತ್ತದೆ. ಆಪ್. ಸಿಟ್., ಎಂದರೆ ‘ಹಿಂದೆ ಹೇಳಿದ ಗ್ರಂಥದಲ್ಲಿ’, ಎಂಬುದರ ತೊಂದರೆ ಬೇರೆ. ಒಬ್ಬ ಗ್ರಂಥಕಾರನ ಎರಡು ಪುಸ್ತಕಗಳನ್ನು ಉದಾಹರಿಸಿದ್ದರೆ ಯಾವುದು ‘ಹಿಂದೆ ಹೇಳಿದ’ ಗ್ರಂಥ? ಓದುವವನು ನಲವತ್ತು ಪುಟ ಹಿಂದಕ್ಕೆ ಮಗುಚಬೇಕು. ಷಿಕಾಗೋ ವಿಶ್ವವಿದ್ಯಾನಿಲಯದ ಮುದ್ರಣಾಲಯದವರು ೨೦೧೭ರಲ್ಲಿ ಹೊರತಂದ ತಮ್ಮ ಬರವಣಿಗೆಯ ಕೈಪಿಡಿಯ ಹದಿನೇಳನೆಯ ಆವೃತ್ತಿಯಲ್ಲಿ ಇಬಿಡ್.ಗಿಂತ ಗ್ರಂಥಕಾರನ ಹೆಸರನ್ನೂ ಗ್ರಂಥದ ಮೊಟಕು ಹೆಸರನ್ನೂ ಕೊಡುವುದೇ ಮೇಲೆಂದು ಹೇಳಿದ್ದಾರೆ. ಇದು ಒಪ್ಪತಕ್ಕ ಮಾತು.

‘ಸಿಕ್’ ಎಂಬುದು ಮೊಟಕು ಮಾತಲ್ಲ. ‘ಹೀಗೆಯೇ’ ಎಂಬರ್ಥದ ಪೂರ್ಣಪದ. ಮೂಲದಲ್ಲಿ ತಪ್ಪಿದ್ದಾಗ, ಆ ತಪ್ಪು ಪ್ರತಿಕಾರನದಲ್ಲವೆಂದು ತಿಳಿಸುವುದಕ್ಕೆ ಅದು ಇರುವುದು. ಶಾಸನಗಳನ್ನು ಸಂಪಾದಿಸುವವರಿಗೆ ಅದು ಉಪಕಾರಿ. ಎದುರಾಳಿಯ ಕಾಗುಣಿತವನ್ನು ಹಂಗಿಸುವುದಕ್ಕಾಗಿ ಅದನ್ನು ಸಾಲುಸಾಲಿಗೂ ಚುಚ್ಚುವುದು ಸಜ್ಜನರ ಲಕ್ಷಣವಲ್ಲ.

‘ಸರ್ಕಾ’ ಎಂಬುದನ್ನು ಸೂಚಿಸುವ ಸಿ. ಎಂಬ ಒಂದೇ ಅಕ್ಷರವು ಚರಿತ್ರಕಾರನ ಪ್ರಾಮಾಣಿಕತೆಯ ಒರೆಗಲ್ಲು. ಅದರ ಅರ್ಥ ‘ಸುಮಾರು’. ಐಹೊಳೆಯಲ್ಲಿ ರವಿಕೀರ್ತಿಯು ಬರೆದ ಶಾಸನದಲ್ಲಿ ಶಕವರ್ಷ ೫೫೬ ಎಂದು ಸ್ಪಷ್ಟವಾಗಿದೆ, ಆದುದರಿಂದ ಕ್ರಿ. ಶ. ೬೩೪ ಎಂದು ಬರೆಯುವುದಕ್ಕೆ ಸಂಕೋಚವಿಲ್ಲ. ೧೯೩೬ರಲ್ಲಿ ಬೆಳಕಿಗೆ ಬಂದ ಹಲ್ಮಿಡಿಯ ಶಾಸನದಲ್ಲಿ ಕಾಲದ ಉಲ್ಲೇಖವೇ ಇಲ್ಲ. ಲಿಪಿ, ಭಾಷೆ, ಉಕ್ತರಾದ ವ್ಯಕ್ತಿಗಳು, ಇವುಗಳಿಂದ ವಿದ್ವಾಂಸರು ಸುಮಾರು ೪೫೦ ಎಂದು ಊಹಿಸಿರುವರು. ಊಹೆಯ ಈ ಒಂದಕ್ಷರವನ್ನು ಕಳಚಿ ‘೪೫೦ರಲ್ಲಿ’ ಎಂದು ಬರೆದುಬಿಟ್ಟರೆ ಅನುಮಾನವು ಪ್ರತ್ಯಕ್ಷವಾಗಿಹೋಯಿತು. ಒಂದು ಪುಸ್ತಕದಿಂದ ಇನ್ನೊಂದಕ್ಕೆ ಪ್ರತಿಯಾಗುತ್ತ ಹೋದಂತೆ ಈ ಅಕ್ಷರ ಉದುರಿಹೋಗುವುದನ್ನು ಪಠ್ಯಪುಸ್ತಕಗಳಲ್ಲಿ ಯಾರು ಬೇಕಾದರೂ ನೋಡಬಹುದು.

ಇಷ್ಟರವರೆಗೆ ಹೇಳಿದ ತಪ್ಪುಗಳಿಂದ ಹಣವೋ ಮಾನವೋ ಹೋಗಬಹುದು. ವೈದ್ಯರ ಚೀಟಿಯಲ್ಲಿ ಪ್ರಾಣವೇ ಹೋಗಬಹುದು. ಅಲ್ಲಿ ಬಿ. ಡಿ. ಎಂದರೆ ‘ಬಿಸ್ ಡಿಯೆ’, ದಿನಕ್ಕೆರಡು ಸಲ, ಟಿ. ಡಿ. ಎಸ್. ಎಂದರೆ ದಿನಕ್ಕೆ ಮೂರು ಸಲ ತೆಗೆದುಕೊಳ್ಳತಕ್ಕದ್ದು. ‘ಬಿಸ್’ ಎಂಬುದು ನಮ್ಮ ‘ದ್ವಿಃ’ ಎಂಬುದರ, ಮೂರು ಸಲವೆಂಬರ್ಥದ ‘ಟೆರ್’ ಎಂಬುದು ನಮ್ಮ ‘ತ್ರಿಃ’ ಎಂಬುದರ ಸೋದರ. ಓ. ಡಿ. ಎಂದರೆ ಬ್ರಿಟನ್ನಿನ ರೂಢಿಯಂತೆ ದಿನಕ್ಕೊಮ್ಮೆ. ಕಣ್ಣಿನ ವೈದ್ಯರಿಗೆ ಅದೇ ಓ. ಡಿ. ಎಂದರೆ ಬಲಗಣ್ಣು. ಎಸ್. ಓ. ಎಸ್. ಎಂದು ಬರೆದಿರುವುದನ್ನು ಕಂಡು, ಮುಳುಗುವ ಹಡಗಿನವರು ಕಳುಹಿಸುವ ಆಪತ್ತಿನ ಕರೆಯೆಂದು ಭಾವಿಸಿ, ಗುಳಿಗೆಯನ್ನು ಕೂಡಲೇ ನುಂಗಬೇಕೆಂದೋ ಪ್ರಾಣಸಂಕಟದಲ್ಲಲ್ಲದೆ ಮುಟ್ಟಬಾರದೆಂದೋ ತಿಳಿಯುವವರುಂಟು. ಅದರ ಮೂಲ ‘ಸಿ ಓಪುಸ್ ಸಿಟ್’, ಎಂದರೆ ‘ಅಗತ್ಯಬಿದ್ದರೆ’ ಎಂದಷ್ಟೆ. ಅಮೇರಿಕದಲ್ಲಿ ದಿನಕ್ಕೊಮ್ಮೆಯೆಂಬುದನ್ನು ಕ್ಯೂ. ಡಿ. ಎಂದೂ, ದಿನಬಿಟ್ಟು ದಿನವೆಂಬುದನ್ನು ಕ್ಯೂ. ಓ. ಡಿ. ಎಂದೂ ಬರೆಯುತ್ತಿದ್ದರು. ಕೈಬರಹದಲ್ಲಿ ಚುಕ್ಕಿಯೊಂದು ದಪ್ಪವಾದರೆ ಒಂದು ಇನ್ನೊಂದಾಗುತ್ತಿತ್ತು. ಅಲ್ಲಿ ಆಸ್ಪತ್ರೆಗಳನ್ನು ಪರೀಕ್ಷಿಸಿ ಮನ್ನಣೆ ಕೊಡುವ ಜಾಯಿಂಟ್ ಕಮಿಷನ್ ಎಂಬ ಸಂಸ್ಥೆಯು ೨೦೦೪ರಲ್ಲಿ ಬಳಸಬಾರದ ಸಂಕೇತಗಳ ಪಟ್ಟಿಯೊಂದನ್ನು ಮಾಡಿ ಇವೆರಡನ್ನೂ ಅದರಲ್ಲಿ ಸೇರಿಸಿತು. ಇಂಥ ಕಡೆ ಸರಿಯಾದ ಪ್ರಯೋಗವೆಂದರೆ ಪ್ರಯೋಗವನ್ನು ಬಿಟ್ಟು ಬಿಡಿಸಿ ಬರೆಯುವುದೇ ಆಗಿದೆ.

ಹಾಗಾದರೆ ಇವೆಲ್ಲವನ್ನೂ ಒಟ್ಟಿಗೆ ಬಿಟ್ಟುಬಿಡಬಾರದೇಕೆ ಎಂಬ ಪೂರ್ವಪಕ್ಷವು ಏಳುತ್ತದೆ. ಅದಕ್ಕೆ ಬಲವೂ ಇದೆ. ಬ್ರಿಟಿಷ್ ಸರ್ಕಾರದವರು ೨೦೧೬ರಲ್ಲಿ ತಮ್ಮ ಜಾಲತಾಣದ ಬರವಣಿಗೆಯಿಂದ ಇ. ಜಿ., ಐ. ಇ., ಎಟ್‌ಸೆಟೆರಾಗಳನ್ನು ಕ್ರಮವಾಗಿ ತೆಗೆದುಹಾಕುವುದಾಗಿ ತಿಳಿಸಿದರು. ಇಂಗ್ಲಿಷ್ ಮನೆಮಾತಲ್ಲದವರಿಗೂ ಅವಸರದಲ್ಲಿ ಓದುವವರಿಗೂ ಇವು ತೊಡಕೆಂಬುದು ಒಂದು ಕಾರಣ. ದೃಷ್ಟಿಯಿಲ್ಲದವರಿಗೆ ಬರವಣಿಗೆಯನ್ನು ಓದಿ ಹೇಳುವ ಯಂತ್ರಗಳಲ್ಲಿ ಕೆಲವು ಇ. ಜಿ. ಎಂಬುದನ್ನು ‘ಎಗ್’, ಎಂದರೆ ಮೊಟ್ಟೆ, ಎಂದು ಓದುತ್ತವೆಂಬುದು ಇನ್ನೊಂದು. ಲ್ಯಾಟಿನ್ನಿನ ಗೌರವಕ್ಕಾಗಿ ಕುರುಡರನ್ನು ಕಂಗೆಡಿಸಬೇಕೆಂದು ಯಾರೂ ವಾದಿಸಲಾರರು.

ಆದರೂ ಸರ್ವತ್ಯಾಗವು ನಮಗೆ ಸಮ್ಮತವಿಲ್ಲ. ಎಲ್ಲರೂ ಓದಬೇಕಾದ ಬರವಣಿಗೆಯಲ್ಲಿ ಬಿಡಿಸಿ ಹೇಳುವುದೇ ಧರ್ಮ. ತಮ್ಮ ತಮ್ಮಲ್ಲಿ ಪರಿಭಾಷೆಯನ್ನು ಒಪ್ಪಿಕೊಂಡವರ ನಡುವೆ, ಅಡಿಟಿಪ್ಪಣಿ, ನಿಘಂಟು, ಸೂಚಿ ಮೊದಲಾದ ಇಕ್ಕಟ್ಟಿನ ಸ್ಥಳಗಳಲ್ಲಿ, ಸಂಕೇತಕ್ಕೆ ತನ್ನ ಸ್ಥಾನವಿದೆ. ರೆವರೆಂಡ್ ಕಿಟ್ಟೆಲರು ೧೮೯೪ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ತಮ್ಮ ಕನ್ನಡ ನಿಘಂಟಿನಲ್ಲಿ ಸಂಕೇತಗಳನ್ನು ಧಾರಾಳವಾಗಿ ಬಳಸಿದ್ದಾರೆ. ಆದರೆ ಅವುಗಳ ವಿವರಣೆಯ ಪಟ್ಟಿಯನ್ನೂ ಜೊತೆಗೆ ಕೊಟ್ಟಿದ್ದಾರೆ. ಅವನ್ನು ತೆಗೆದುಬಿಟ್ಟಿದ್ದರೆ ಆ ಮಹಾಗ್ರಂಥ ಇನ್ನೆಷ್ಟು ಬೆಳೆಯುತ್ತಿತ್ತೋ! ಇದಲ್ಲದೆ, ಐ. ಇ. ಎಂಬುದನ್ನು ಇ. ಜಿ. ಎಂದು ತಪ್ಪು ತಿಳಿದವನು ಇಂಗ್ಲಿಷಿನಲ್ಲಿಯೇ ಬಿಡಿಸಿ ಬರೆದರೂ ಪಟ್ಟಿಯು ಮುಚ್ಚಿದುದೋ ತೆರೆದುದೋ ಎಂದು ಯೋಚಿಸಿಯಾನೆಂಬ ಭರವಸೆಯೇನು? ರೋಗವಿರುವುದು ಅಕ್ಷರದಲ್ಲಲ್ಲ, ಅವಿಚಾರದಲ್ಲಿ.

ಇದಕ್ಕೆ ನಮ್ಮ ಕನ್ನಡವೇ ಸಾಕ್ಷಿ. ‘ಉದಾ.’, ‘ಇತ್ಯಾದಿ’, ‘ಮುಂ.’, ‘ಸು.’, ‘ನೋ.’ ಎಂಬ ನಮ್ಮ ಸಂಕೇತಗಳೆಲ್ಲವೂ ಲ್ಯಾಟಿನ್ನಿನವುಗಳಿಗೆ ಸರಿಜೋಡಿಯಾಗಿವೆ; ನಮಗೆ ಅರ್ಥ ಗೊತ್ತಿಲ್ಲದ ಒಂದು ಮಾತೂ ಅಲ್ಲಿಲ್ಲ. ಆದರೂ ‘ಉದಾಹರಣೆಗೆ ಬೇಲೂರು, ಹಳೇಬೀಡು ಇತ್ಯಾದಿ ಮುಂತಾದುವುಗಳು’ ಎಂಬ ತ್ರಿವಿಧ ಪುನರುಕ್ತಿಯನ್ನು ನಾವು ಸಂಕೋಚವಿಲ್ಲದೆ ಬರೆಯುತ್ತೇವೆ. ‘ಪಂಪ, ರನ್ನ ಇತ್ಯಾದಿ’ ಎಂದು ಕವಿಗಳನ್ನು ಪಾತ್ರೆಪಡಗಗಳಂತೆ ಎಣಿಸುತ್ತೇವೆ. ‘ಮೊದಲಾದವರು’ ಎಂಬ ಸುಂದರವಾದ ಮಾತು ಬಳಿಯಲ್ಲಿಯೇ ಇದ್ದರೂ ಅದರ ನೆನಪಾಗುವುದಿಲ್ಲ. ‘ಸು.’ ಎಂಬ ಪ್ರಾಮಾಣಿಕವಾದ ಅಕ್ಷರವನ್ನು ಇಂಗ್ಲಿಷ್ ಬರೆಯುವವರಿಗಿಂತ ಬೇಗನೆ ನಾವು ಉದುರಿಸುತ್ತೇವೆ.

ಕೊನೆಯದಾಗಿ ಹೇಳಬೇಕಾದುದಿಷ್ಟು. ಸಂಕೇತಾಕ್ಷರವನ್ನು ಬರೆಯುವ ಮುನ್ನ ಅದನ್ನು ಮನಸ್ಸಿನಲ್ಲಿಯೇ ಕನ್ನಡಕ್ಕೆ ಬಿಡಿಸಿ ಓದಿಕೊಳ್ಳುವುದು ಒಳ್ಳೆಯದು. ಐ. ಇ. ಬರೆಯುವಾಗ ‘ಎಂದರೆ ಇಷ್ಟೇ’ ಎಂದು, ಇ. ಜಿ. ಬರೆಯುವಾಗ ‘ಮಾದರಿಗೆ’ ಎಂದು, ಸಿ. ಎಫ್. ಬರೆಯುವಾಗ ‘ಹೋಲಿಸಿ ನೋಡಿ’ ಎಂದು ಓದಿದಾಗ ವಾಕ್ಯವು ನಿಂತರೆ ಸಂಕೇತವೂ ನಿಲ್ಲುತ್ತದೆ. ವಾಕ್ಯ ತಡವರಿಸಿದರೆ ಸಂಕೇತವನ್ನು ಅಳಿಸಿ ಪೂರ್ಣವಾಗಿ ಬರೆಯತಕ್ಕದ್ದು. ಇದಕ್ಕೆ ಲ್ಯಾಟಿನ್ ವ್ಯಾಕರಣದ ಅಗತ್ಯವಿಲ್ಲ. ತಾನು ಹೇಳುತ್ತಿರುವುದು ಎಲ್ಲವೋ ಕೆ��ವೋ, ಬಲ್ಲುದೋ ಊಹಿಸಿದುದೋ ಎಂದು ತನ್ನನ್ನು ತಾನೇ ಕೇಳಿಕೊಳ್ಳುವ ಅಭ್ಯಾಸವೊಂದಿದ್ದರೆ ಸಾಕು. ಆ ಅಭ್ಯಾಸವು ಮನೆಯ ಮಕ್ಕಳಿಗೆ ಬಂದರೆ, ಅವರು ಯಾವ ಭಾಷೆಯಲ್ಲಿ ಬರೆದರೂ ನಂಬತಕ್ಕ ಮಾತನ್ನೇ ಬರೆಯುವರು.